ವ್ಯಾಟಿಕನ್ ಮ್ಯೂಸಿಯಂ ಗೈಡೆಡ್ ಟೂರ್: ಸಿಸ್ಟೀನ್ ಚಾಪೆಲ್ ಮುಟ್ಟೋಷ್ಟರಲ್ಲಿ ಸುಸ್ತಾಗ್ದೇ ಇರೋಕೆ ಏನು ಮಾಡ್ಬೇಕು

ರೋಮ್‌ಗೆ ಹೋಗಿ ಬಂದವರು ಒಬ್ಬರಾದ್ಮೇಲೆ ಒಬ್ಬರು ಹೇಳೋದು ಒಂದೇ ಕಥೆ. ದುಡ್ಡು ಕೊಟ್ಟು ಗೈಡ್ ತಗೊಂಡ್ವಿ, ಎರಡೂವರೆ ಗಂಟೆ ಜನರ ಮಧ್ಯೆ ನುಗ್ಗಿಕೊಂಡು ನಡೆದ್ವಿ, ಕೊನೆಗೆ ಸಿಸ್ಟೀನ್ ಚಾಪೆಲ್ (ಇಟಲಿಯ ಚಿತ್ರಕಾರ ಮೈಕೆಲ್ಯಾಂಜೆಲೊ ಛಾವಣಿ ತುಂಬ ಚಿತ್ರ ಬಿಡಿಸಿರೋ ಪ್ರಾರ್ಥನಾ ಮಂದಿರ) ಒಳಗೆ ಹೋದಾಗ ಗೈಡ್ ಬಾಯೇ ಬಿಡ್ಲಿಲ್ಲ, ಕತ್ತೆತ್ತಿ ಹತ್ತು ನಿಮಿಷ ನೋಡಿ ಆಚೆ ಬಂದ್ವಿ, ಏನು ನೋಡಿದ್ವಿ ಅಂತಾನೇ ಗೊತ್ತಾಗ್ಲಿಲ್ಲ. ಇಲ್ಲಿ ಗೈಡ್ ಮೋಸ ಮಾಡಿಲ್ಲ, ಚಾಪೆಲ್ ಒಳಗೆ ಗೈಡ್‌ಗಳು ವಿವರಣೆ ಕೊಡೋ ಹಾಗೇ ಇಲ್ಲ, ಅಲ್ಲಿನ ರೂಲ್ಸೇ ಅದು. ಹೇಳೋದೆಲ್ಲ ಅವರು ಒಂದೂವರೆ ಗಂಟೆ ಮುಂಚೆನೇ ಹೊರಗಿನ ಅಂಗಳದಲ್ಲಿ ಹೇಳಿರ್ತಾರೆ, ಆಗ ನಮ್ಮವರು ಫೋಟೋ ತೆಗೀತಾ ಇರ್ತಾರೆ.

ಅದಕ್ಕೇ ನನ್ನ ಸಲಹೆ ಇಷ್ಟೇ, ಇಡೀ ಟೂರನ್ನ ಚಾಪೆಲ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ ಪ್ಲ್ಯಾನ್ ಮಾಡಿ. ಕಾಲಿನ ಶಕ್ತಿ, ಕಣ್ಣಿನ ಶಕ್ತಿ, ಬ್ಯಾಗು, ದಿನ, ಗಂಟೆ ಎಲ್ಲಾನೂ ಆ ಒಂದು ಹಾಲ್‌ಗೋಸ್ಕರ ಉಳಿಸ್ಕೊಳ್ಳಿ. ಕೆಳಗಿರೋ ಕ್ರಮ ತಪ್ಪಿಸ್ಬೇಡಿ, ಒಂದು ಹಂತ ಬಿಟ್ರೆ ಅದರ ತೊಂದ್ರೆ ಮುಂದಿನ ಹಂತದಲ್ಲಿ ಬರುತ್ತೆ.

ಹಂತ 1: ಪ್ಯಾಕೇಜ್‌ನಲ್ಲಿ "ವ್ಯಾಟಿಕನ್" ಅಂದ್ರೆ ಏನು ಅಂತ ಬರೆಸ್ಕೊಳ್ಳಿ

ಬೆಂಗಳೂರಿಂದ ಯುರೋಪ್ ಗ್ರೂಪ್ ಟೂರ್‌ನಲ್ಲಿ ಹೋಗೋರಿಗೆ ಇದೇ ಮೊದಲ ಗುಂಡಿ. ಸೇಂಟ್ ಪೀಟರ್ಸ್ ಚೌಕ, ಸೇಂಟ್ ಪೀಟರ್ಸ್ ಬಸಿಲಿಕಾ ಅನ್ನೋ ದೊಡ್ಡ ಚರ್ಚ್, ವ್ಯಾಟಿಕನ್ ಮ್ಯೂಸಿಯಂ, ಇವು ಮೂರೂ ಬೇರೆ ಬೇರೆ. ಚೌಕಕ್ಕೂ ಬಸಿಲಿಕಾಗೂ ಟಿಕೆಟ್ ಇಲ್ಲ, ಸೆಕ್ಯುರಿಟಿ ಕ್ಯೂ ಮಾತ್ರ. ಸಿಸ್ಟೀನ್ ಚಾಪೆಲ್ ಇರೋದು ಮ್ಯೂಸಿಯಂ ಟಿಕೆಟ್ ಒಳಗೆ. ನಮ್ಮ ಚಿಕ್ಕಮ್ಮ ಹೋಗಿದ್ದ ಪ್ಯಾಕೇಜ್ ಪಟ್ಟಿಯಲ್ಲಿ "ವ್ಯಾಟಿಕನ್ ಸಿಟಿ ವಿಸಿಟ್" ಅಂತ ಇತ್ತು, ಚೌಕದಲ್ಲಿ ಬಸ್ ಇಳಿಸಿ ನಲವತ್ತು ನಿಮಿಷ ಕೊಟ್ರಂತೆ, ಅಷ್ಟೇ. ಅವರು ವರ್ಷಗಟ್ಟಲೆ ಕಾಯ್ತಾ ಇದ್ದಿದ್ದು ಚಾಪೆಲ್ ನೋಡೋಕೆ.

ಆದ್ದರಿಂದ ದುಡ್ಡು ಕಟ್ಟೋಕೆ ಮುಂಚೆ ಮೂರು ಪ್ರಶ್ನೆ ಕೇಳಿ, ಉತ್ತರ ವಾಟ್ಸಾಪ್‌ನಲ್ಲೋ ಮೇಲ್‌ನಲ್ಲೋ ಬರೆಸ್ಕೊಳ್ಳಿ: ಮ್ಯೂಸಿಯಂ ಎಂಟ್ರಿ ಟಿಕೆಟ್ ಸೇರಿದ್ಯಾ, ಸಿಸ್ಟೀನ್ ಚಾಪೆಲ್ ಒಳಗೆ ಕರ್ಕೊಂಡು ಹೋಗ್ತೀರಾ, ಗೈಡ್ ಒಳಗೂ ಬರ್ತಾರಾ ಇಲ್ಲ ಬಾಗಿಲ ತನಕ ಮಾತ್ರಾನಾ. "ಸೈಟ್ ಸೀಯಿಂಗ್", "ಔಟ್‌ಸೈಡ್ ವ್ಯೂ", "ಫೋಟೋ ಸ್ಟಾಪ್" ಅನ್ನೋ ಪದ ಕಂಡ್ರೆ ಒಳಗೆ ಹೋಗಲ್ಲ ಅಂತಾನೇ ತಿಳ್ಕೊಳ್ಳಿ.

ಹಂತ 2: ದಿನ ಆರಿಸ್ಕೊಳ್ಳಿ, ಟಿಕೆಟ್ ಆಮೇಲೆ

ಎಲ್ಲರೂ ಉಲ್ಟಾ ಮಾಡ್ತಾರೆ, ಟಿಕೆಟ್ ಸಿಕ್ಕಿದ ದಿನಕ್ಕೆ ಪ್ಲ್ಯಾನ್ ಹೊಂದಿಸ್ತಾರೆ. ಮೊದ್ಲು ಬೇಡದ ದಿನಗಳನ್ನ ತೆಗೆದುಹಾಕಿ.

ಭಾನುವಾರ ಮ್ಯೂಸಿಯಂ ರಜೆ. ತಿಂಗಳ ಕೊನೇ ಭಾನುವಾರ ಮಾತ್ರ ಬೆಳಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ಫ್ರೀ ಎಂಟ್ರಿ, ಆದ್ರೆ ಆ ದಿನ ಮುಂಗಡ ಬುಕಿಂಗ್ ಇರಲ್ಲ, ಕ್ಯೂ ವ್ಯಾಟಿಕನ್ ಗೋಡೆ ಪಕ್ಕ ಹಾವಿನ ಥರ ಬೆಳ್ಕೊಂಡು ಹೋಗುತ್ತೆ. ಫ್ರೀ ಅನ್ನೋ ಆಸೆಗೆ ಹೋಗ್ಬೇಡಿ. ಭಾನುವಾರ ಮುಚ್ಚಿರೋದ್ರಿಂದ ಸೋಮವಾರ ಜನ ಜಾಸ್ತಿ, ಶನಿವಾರಾನೂ ಹಾಗೇ. ಬುಧವಾರ ಬೆಳಗ್ಗೆ ಸಾಮಾನ್ಯವಾಗಿ ಚೌಕದಲ್ಲಿ ಪೋಪ್ ಸಾರ್ವಜನಿಕ ದರ್ಶನ ಕೊಡ್ತಾರೆ, ಅದು ಮುಗಿಯೋ ತನಕ ಬಸಿಲಿಕಾ ಒಳಗೆ ಬಿಡಲ್ಲ, ಹಾಗಾಗಿ ಚಾಪೆಲ್‌ನಿಂದ ಬಸಿಲಿಕಾಗೆ ಹೋಗೋ ಒಳದಾರಿಯೂ ಆಗ ಸಿಗಲ್ಲ. ಈ ಒಳದಾರಿ ವಿಷಯ ಹಂತ 9ರಲ್ಲಿದೆ, ತುಂಬಾ ಮುಖ್ಯ.

ಹಬ್ಬದ ರಜೆಗಳನ್ನೂ ನೋಡ್ಕೊಳ್ಳಿ. ಜೂನ್ 29 ಸಂತ ಪೀಟರ್, ಸಂತ ಪೌಲರ ಹಬ್ಬ, ಆಗಸ್ಟ್ 15, ನವೆಂಬರ್ 1, ಡಿಸೆಂಬರ್ 8, ಕ್ರಿಸ್‌ಮಸ್ ಮತ್ತು ಮಾರನೇ ದಿನ, ಇವೆಲ್ಲ ಬಂದ್. ಇದಲ್ಲದೆ ಹೊಸ ಪೋಪ್ ಆಯ್ಕೆ ನಡೆಯೋದು ಸಿಸ್ಟೀನ್ ಚಾಪೆಲ್‌ನಲ್ಲೇ, 2025ರಲ್ಲಿ ಅದಕ್ಕೋಸ್ಕರ ಏಪ್ರಿಲ್ 28ರಿಂದ ಚಾಪೆಲ್ ಮುಚ್ಚಿದ್ರು. ಅಂಥ ಸುದ್ದಿ ಇದ್ರೆ ಹೊರಡೋ ವಾರ ಮ್ಯೂಸಿಯಂ ವೆಬ್‌ಸೈಟ್ ನೋಡೇ ಹೊರಡಿ.

ನನ್ನ ಆಯ್ಕೆ ಮಂಗಳವಾರ ಇಲ್ಲ ಗುರುವಾರ, ಬೆಳಗಿನ ಮೊದಲ ಸ್ಲಾಟ್. ಅದು ಸಿಗದಿದ್ರೆ ಮಧ್ಯಾಹ್ನ 3ರ ಮೇಲೆ, ಅಷ್ಟೊತ್ತಿಗೆ ದೊಡ್ಡ ಗ್ರೂಪ್‌ಗಳು ಕರಗಿರ್ತವೆ. 10ರಿಂದ 1 ಗಂಟೆ ಸ್ಲಾಟ್ ವಯಸ್ಸಾದವರನ್ನ ಕರ್ಕೊಂಡು ಹೋಗೋರು ತಗೊಳ್ಳಲೇಬಾರದು.

ಹಂತ 3: ಟಿಕೆಟ್ ತಗೊಳ್ಳೋ ರೀತಿ, ಮತ್ತೆ ಮೋಸದ ಗುರುತುಗಳು

ಮ್ಯೂಸಿಯಂನ ಸ್ವಂತ ವೆಬ್‌ಸೈಟ್ ಅಡ್ರೆಸ್ ಕೊನೆಗೆ "ಡಾಟ್ ವಿಎ" ಅಂತ ಇರುತ್ತೆ, ಅದು ವ್ಯಾಟಿಕನ್ ದೇಶದ್ದೇ ಗುರುತು. ಡಾಟ್ ಕಾಮ್ ಇದ್ರೆ, ಹೆಸರಲ್ಲಿ ವ್ಯಾಟಿಕನ್ ಅಂತ ಎಷ್ಟೇ ಸಲ ಬರೆದಿರ್ಲಿ, ಅದು ಏಜೆಂಟ್. ಏಜೆಂಟ್ ಎಲ್ಲರೂ ಕೆಟ್ಟವರಲ್ಲ, ಆದ್ರೆ ನೀವು ಯಾರಿಗೆ ದುಡ್ಡು ಕೊಡ್ತಿದ್ದೀರಿ ಅನ್ನೋದು ಗೊತ್ತಿರಲಿ. 2024ರಲ್ಲಿ ದೊಡ್ಡವರ ಸಾಮಾನ್ಯ ಟಿಕೆಟ್ 20 ಯೂರೋ, ಆನ್‌ಲೈನ್ ಬುಕಿಂಗ್‌ಗೆ ಮೇಲೆ 5 ಯೂರೋ ಇತ್ತು. ಗೈಡೆಡ್ ಟೂರ್ ಇದಕ್ಕಿಂತ ಜಾಸ್ತಿ. ಬರೀ ಎಂಟ್ರಿ ಟಿಕೆಟ್‌ಗೇ ಯಾರಾದ್ರೂ ಎರಡರಷ್ಟು ಮೂರರಷ್ಟು ಕೇಳಿದ್ರೆ ಅದನ್ನೇ ಅಳತೆಗೋಲು ಮಾಡ್ಕೊಂಡು ಪ್ರಶ್ನೆ ಕೇಳಿ.

ಮ್ಯೂಸಿಯಂನವರದ್ದೇ ಗೈಡೆಡ್ ಟೂರ್ ಇದೆ, ಇಂಗ್ಲಿಷ್ ಅದರಲ್ಲಿ ಸಿಗುತ್ತೆ. ಸ್ಲಾಟ್‌ಗಳು ಸುಮಾರು ಎರಡು ತಿಂಗಳು ಮುಂಚೆ ತೆರೀತವೆ, ಬೇಸಿಗೆ ಸೀಸನ್‌ದು ಬೇಗ ಖಾಲಿ ಆಗ್ಬಿಡುತ್ತೆ. ಬುಕ್ ಮಾಡುವಾಗ ಗಂಟೆ ಲೆಕ್ಕದಲ್ಲಿ ಎಡವ್ಬೇಡಿ. ಮಾರ್ಚ್ ಕೊನೇ ಭಾನುವಾರದಿಂದ ಅಕ್ಟೋಬರ್ ಕೊನೇ ಭಾನುವಾರದ ತನಕ ರೋಮ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಉಳಿದ ತಿಂಗಳಲ್ಲಿ ನಾಲ್ಕೂವರೆ ಗಂಟೆ. ಟಿಕೆಟ್ ಮೇಲಿರೋದು ರೋಮ್ ಟೈಮ್. ಹೆಸರು ಪಾಸ್‌ಪೋರ್ಟ್‌ನಲ್ಲಿ ಹೇಗಿದ್ಯೋ ಹಾಗೇ ಹಾಕಿ, ನಮ್ಮಲ್ಲಿ ಇನಿಷಿಯಲ್ ಇರೋರು ಟಿಕೆಟ್‌ನಲ್ಲಿ ಒಂದು ಥರ ಪಾಸ್‌ಪೋರ್ಟ್‌ನಲ್ಲಿ ಒಂದು ಥರ ಬರೀತಾರೆ, ಬೇಡ. ಪಾಸ್‌ಪೋರ್ಟ್ ಜೊತೆಗೇ ಇಟ್ಕೊಳ್ಳಿ.

ಈ ಗುರುತು ಕಂಡ್ರೆ ದುಡ್ಡು ಕೊಡ್ಬೇಡಿ:

– ಕನ್ಫರ್ಮೇಷನ್‌ನಲ್ಲಿ ಎಂಟ್ರಿ ಗಂಟೆ ಇಲ್ಲ, "ಮಾರ್ನಿಂಗ್" ಅಂತ ಮಾತ್ರ ಇದೆ.
– ಗ್ರೂಪ್‌ನಲ್ಲಿ ಎಷ್ಟು ಜನ ಅಂತ ಕೇಳಿದ್ರೆ ಮಾತು ತೇಲಿಸ್ತಾರೆ.
– ಒಟ್ಟವಿಯಾನೊ ಮೆಟ್ರೋ ಸ್ಟೇಷನ್ ಆಚೆ, ಕತ್ತಿಗೆ ಐಡಿ ಕಾರ್ಡ್ ನೇತಾಕ್ಕೊಂಡು ನಿಂತಿರೋರು ಬಂದು "ನಿಮ್ಮ ಟಿಕೆಟ್ ಈ ಗೇಟ್‌ದಲ್ಲ", "ಕ್ಯೂ ನಾಲ್ಕು ಗಂಟೆ ಇದೆ, ನಮ್ಮ ಜೊತೆ ಬನ್ನಿ" ಅಂತಾರೆ. ಟಿಕೆಟ್ ಇರೋರು ಅವರ ಮುಖಾನೂ ನೋಡದೆ ನಡೀರಿ, ಟಿಕೆಟ್ ಫೋನ್ ಅವರ ಕೈಗೆ ಕೊಡ್ಬೇಡಿ.

ಹಂತ 4: ಹೊರಡೋಕೆ ಮುಂಚೆ ಒಂದು ಸಂಜೆ ಕೂತು ಒಂಬತ್ತು ಚಿತ್ರ ಕಲ್ತ್ಕೊಳ್ಳಿ

ಇದನ್ನ ಯಾರೂ ಮಾಡಲ್ಲ, ಸೋಲೋದೂ ಇಲ್ಲೇ. ಹಂಪಿ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದ ಛಾವಣಿ ಚಿತ್ರ ನೋಡಿ, ದ್ರೌಪದಿ ಸ್ವಯಂವರ ಗೊತ್ತಿರೋರಿಗೆ ಅರ್ಜುನ, ಮತ್ಸ್ಯಯಂತ್ರ ತಕ್ಷಣ ಕಾಣುತ್ತೆ, ಗೊತ್ತಿಲ್ಲದವರಿಗೆ ಅಲ್ಲಿರೋದು ಬಣ್ಣ ಮಾತ್ರ. ಸಿಸ್ಟೀನ್‌ನಲ್ಲಿ ನಮಗೆ ಆಗೋದೂ ಅದೇ, ಕಥೆ ಗೊತ್ತಿಲ್ಲ.

ಛಾವಣಿಯ ಮಧ್ಯದ ಸಾಲಲ್ಲಿ ಒಂಬತ್ತು ದೃಶ್ಯ, ಎಲ್ಲ ಬೈಬಲ್‌ನ ಮೊದಲ ಪುಸ್ತಕದ್ದು. ಬಲಿಪೀಠದ (ಪೂಜೆ ನಡೆಯೋ ವೇದಿಕೆಯ) ಕಡೆಯಿಂದ ಲೆಕ್ಕ ಹಾಕಿ: ಬೆಳಕು ಕತ್ತಲು ಬೇರೆ ಮಾಡಿದ್ದು, ಸೂರ್ಯ ಚಂದ್ರರ ಸೃಷ್ಟಿ, ನೀರು ನೆಲ ಬೇರೆ ಮಾಡಿದ್ದು, ಆದಾಮನ ಸೃಷ್ಟಿ, ಹವ್ವಳ ಸೃಷ್ಟಿ, ಹಣ್ಣು ತಿಂದು ತೋಟದಿಂದ ಹೊರಬಿದ್ದಿದ್ದು, ನೋಹನ ಬಲಿ, ಪ್ರಳಯ, ಕುಡಿದು ಬಿದ್ದ ನೋಹ. ಬೆರಳಿಗೆ ಬೆರಳು ತಾಗೋ ಹಾಗಿರೋ ಆ ಫೇಮಸ್ ಚಿತ್ರ ನಾಲ್ಕನೇದು. ಮೈಕೆಲ್ಯಾಂಜೆಲೊ ಇದನ್ನ 1508ರಿಂದ 1512ರವರೆಗೆ ಬಿಡಿಸಿದ್ದು, ಶುರು ಮಾಡಿದ್ದು ನೋಹನ ಕಡೆಯಿಂದ. ಪ್ರಳಯದ ಚಿತ್ರದಲ್ಲಿ ಜನ ಚಿಕ್ಕ ಚಿಕ್ಕದಾಗಿ ಒತ್ತೊತ್ತಾಗಿದ್ದಾರೆ, ಬಲಿಪೀಠದ ಕಡೆ ಬರ್ತಾ ಬರ್ತಾ ಆಕೃತಿ ಕಮ್ಮಿ ಆಗಿ ದೊಡ್ಡದಾಗ್ತಾ ಹೋಗುತ್ತೆ. ಇದೊಂದು ಗೊತ್ತಿದ್ರೆ ಸಾಕು, ನೆಲದ ಮೇಲೆ ನಿಂತು ಆ ಚಿತ್ರಕಾರನ ಕೈ ಹೇಗೆ ಬದಲಾಯ್ತು ಅಂತ ನೀವೇ ಓದ್ಕೋಬಹುದು.

ಮಂಗಳೂರು ಕಡೆಯವರಿಗೆ ಒಂದು ಅನುಕೂಲ ಇದೆ. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ ಛಾವಣಿ ಪೂರ್ತಿ ಇಟಲಿಯ ಜೆಸ್ಯೂಟ್ ಬ್ರದರ್ ಆಂಟೋನಿಯೊ ಮೊಸ್ಕೆನಿ 1899ರಿಂದ 1901ರವರೆಗೆ ಬಿಡಿಸಿದ್ದು. ಅಲ್ಲಿ ಒಂದು ಗಂಟೆ ಕೂತು, ಕತ್ತೆತ್ತಿ, ಒಂದೊಂದೇ ಚೌಕಟ್ಟು ನೋಡೋದು ಅಭ್ಯಾಸ ಮಾಡಿ. ನಾನು ಹಾಗೆ ಮಾಡಿ ಹೋದ ಸಲ ರೋಮ್‌ನಲ್ಲಿ ಕಣ್ಣು ಎಲ್ಲೆಲ್ಲೋ ಓಡ್ಲಿಲ್ಲ.

ಹಂತ 5: ಬ್ಯಾಗು, ಬಟ್ಟೆ, ಕೈಯಲ್ಲಿ ಇರ್ಬೇಕಾದ ಸಾಮಾನು

ಭುಜ ಮತ್ತು ಮಂಡಿ ಮುಚ್ಚಿರ್ಬೇಕು, ಗಂಡಸರಿಗೂ ಇದೇ ನಿಯಮ. ಸೀರೆ, ಚೂಡಿದಾರ ಆರಾಮ. ಸ್ಲೀವ್‌ಲೆಸ್ ಹಾಕಿದ್ರೆ ಒಂದು ವೇಲ್ ಇಟ್ಕೊಳ್ಳಿ. ಶಾರ್ಟ್ಸ್‌ನಲ್ಲಿ ಬಂದ ಹುಡುಗರನ್ನ ಬಾಗಿಲಲ್ಲೇ ತಡೆದಿದ್ದು ಕಣ್ಣಾರೆ ನೋಡಿದ್ದೀನಿ, ಅವರಪ್ಪ ರಸ್ತೆ ಪಕ್ಕದಲ್ಲಿ ಪ್ಯಾಂಟ್ ಹುಡುಕೋಕೆ ಓಡಿದ್ರು, ಅಷ್ಟರಲ್ಲಿ ಗೈಡ್ ಗ್ರೂಪ್ ಒಳಗೆ ಹೋಗಿಯಾಗಿತ್ತು.

ದೊಡ್ಡ ಬ್ಯಾಗ್, ಉದ್ದ ಹಿಡಿಯ ಛತ್ರಿ, ಟ್ರೈಪಾಡ್ ಕ್ಲೋಕ್‌ರೂಮ್‌ನಲ್ಲಿ ಬಿಡ್ಬೇಕು, ಚಾಕು ಕತ್ತರಿ ಒಯ್ಯೋ ಹಾಗಿಲ್ಲ. ಕ್ಲೋಕ್‌ರೂಮ್ ಫ್ರೀ, ಆದ್ರೆ ಅಲ್ಲಿ ಬ್ಯಾಗ್ ಬಿಟ್ರೆ ವಾಪಸ್ ಅಲ್ಲಿಗೇ ಬರ್ಬೇಕು, ಅಂದ್ರೆ ಬಸಿಲಿಕಾದ ಒಳದಾರಿ ಕೈತಪ್ಪಿದ ಹಾಗೆ. ಸಣ್ಣ ಅಡ್ಡಬ್ಯಾಗ್ ಒಂದು ಸಾಕು, ಅದರಲ್ಲಿ ಇಷ್ಟು ಹಾಕ್ಕೊಳ್ಳಿ: ಪಾಸ್‌ಪೋರ್ಟ್, ಟಿಕೆಟ್‌ದು ಒಂದು ಪ್ರಿಂಟ್, ನೀರಿನ ಪ್ಲಾಸ್ಟಿಕ್ ಬಾಟಲಿ, 3.5 ಎಂಎಂ ಪಿನ್ ಇರೋ ಹಳೇ ವೈರ್ ಇಯರ್‌ಫೋನ್, ಮತ್ತೆ ಒಂದು ಪುಟ್ಟ ಬೈನಾಕ್ಯುಲರ್. ಛಾವಣಿ 20 ಮೀಟರ್‌ಗಿಂತ ಎತ್ತರದಲ್ಲಿದೆ, ಬರಿಗಣ್ಣಿಗೆ ಆದಾಮನ ಮುಖ ಕಾಣುತ್ತೆ, ಮುಖದ ಭಾವ ಕಾಣ್ಬೇಕು ಅಂದ್ರೆ ಬೈನಾಕ್ಯುಲರ್ ಬೇಕು.

ಶೂ ಹಳೇದೇ ಹಾಕಿ. ಮ್ಯೂಸಿಯಂನ ದಾರಿಗಳೆಲ್ಲ ಕೂಡಿದ್ರೆ 7 ಕಿಲೋಮೀಟರ್ ಅಂತಾರೆ, ಟೂರ್‌ನಲ್ಲಿ ಅಷ್ಟು ನಡೆಯಲ್ಲ, ಆದ್ರೂ ಗಟ್ಟಿ ಕಲ್ಲಿನ ನೆಲ, ಕೂರೋಕೆ ಜಾಗ ಕಮ್ಮಿ.

ಹಂತ 6: ಸರಿಯಾದ ಬಾಗಿಲು

ಮ್ಯೂಸಿಯಂ ಬಾಗಿಲು ಸೇಂಟ್ ಪೀಟರ್ಸ್ ಚೌಕದಲ್ಲಿ ಇಲ್ಲ. ಅದಿರೋದು ವಿಯಾಲೆ ವ್ಯಾಟಿಕಾನೊ ರಸ್ತೆಯಲ್ಲಿ, ಚೌಕದಿಂದ ಗೋಡೆ ಸುತ್ತಿ ನಡೆದ್ರೆ ಹದಿನೈದು ಇಪ್ಪತ್ತು ನಿಮಿಷ. ಟ್ಯಾಕ್ಸಿಯವರಿಗೆ ಬರೀ "ವ್ಯಾಟಿಕನ್" ಅಂದ್ರೆ ಚೌಕಕ್ಕೆ ಬಿಡ್ತಾರೆ, "ಮುಝೇಯಿ ವ್ಯಾಟಿಕಾನಿ" ಅನ್ನಿ. ಮೆಟ್ರೋ ಎ ಲೈನ್‌ನಲ್ಲಿ ಒಟ್ಟವಿಯಾನೊ ಇಲ್ಲ ಚಿಪ್ರೊ ಇಳೀಬೇಕು.

ಪ್ರೈವೇಟ್ ಗೈಡ್ ಆದ್ರೆ ಮೀಟಿಂಗ್ ಪಾಯಿಂಟ್ ಬಾಗಿಲಿಂದ ದೂರ, ಯಾವುದೋ ಅಂಗಡಿ ಮುಂದೆ ಇರುತ್ತೆ, ಹಿಂದಿನ ದಿನ ಸಂಜೆನೇ ಅಲ್ಲಿ ತನಕ ಒಂದ್ಸಲ ನಡೆದು ನೋಡಿ. ಅರ್ಧ ಗಂಟೆ ಮುಂಚೆ ಇರಿ, ಗ್ರೂಪ್ ಯಾರಿಗೂ ಕಾಯಲ್ಲ. "ಸ್ಕಿಪ್ ದ ಲೈನ್" ಟಿಕೆಟ್ ಇದ್ರೂ ಸೆಕ್ಯುರಿಟಿ ಸ್ಕ್ಯಾನ್ ಎಲ್ಲರಿಗೂ ಇದೆ, ಅದನ್ನ ಯಾವ ಟಿಕೆಟ್ಟೂ ತಪ್ಪಿಸಲ್ಲ.

ಮಂಡಿ ನೋವಿರೋ ಹಿರಿಯರಿದ್ರೆ ಸಂಕೋಚ ಪಡ್ದೇ ಒಳಗೆ ಹೋದ ತಕ್ಷಣ ವೀಲ್‌ಚೇರ್ ಕೇಳಿ, ಅಲ್ಲಿ ಫ್ರೀಯಾಗಿ ಕೊಡ್ತಾರೆ, ಗುರುತಿನ ಚೀಟಿ ಬೇಕು. ಅವರಿಗೆ ಲಿಫ್ಟ್ ಇರೋ ಬೇರೆ ದಾರಿ ಇದೆ, ಅದನ್ನ ಗೈಡ್‌ಗೆ ಬುಕಿಂಗ್ ಸಮಯದಲ್ಲೇ ಹೇಳಿರ್ಬೇಕು, ಇಲ್ದಿದ್ರೆ ಅರ್ಧದಲ್ಲಿ ಗ್ರೂಪ್ ಒಂದು ಕಡೆ ನೀವೊಂದು ಕಡೆ ಆಗ್ತೀರಿ.

ಹಂತ 7: ಪೈನ್ ಕಾಯಿ ಅಂಗಳ, ಇಲ್ಲಿ ಫೋನ್ ಜೇಬಿಗೆ ಹಾಕಿ

ಗೈಡ್ ಮಾತು ಕಿವಿಗೆ ಕೇಳಿಸೋ ರಿಸೀವರ್ ಕೊಟ್ಟ ತಕ್ಷಣ ಮೂರು ಕೆಲಸ: ಚಾನೆಲ್ ನಂಬರ್ ಗೈಡ್‌ದೇನಾ ನೋಡಿ, ವಾಲ್ಯೂಮ್ ಅರ್ಧಕ್ಕೆ ಇಡಿ, ಪಿನ್ ಕೂರೋ ಹಾಗಿದ್ರೆ ನಿಮ್ಮ ಇಯರ್‌ಫೋನ್ ಹಾಕಿ. ಗರಗರ ಸದ್ದು ಬಂದ್ರೆ ಅಲ್ಲೇ ಬದಲಾಯಿಸ್ಕೊಳ್ಳಿ, ಒಳಗೆ ಹೋದ್ಮೇಲೆ ಬೇರೆ ರಿಸೀವರ್ ಸಿಗಲ್ಲ. ಇಟಾಲಿಯನ್ ಉಚ್ಚಾರದ ಇಂಗ್ಲಿಷ್ ಮೊದಲ ಹತ್ತು ನಿಮಿಷ ಕಷ್ಟ, ಆಮೇಲೆ ಕಿವಿ ಒಗ್ಗುತ್ತೆ.

ಆಮೇಲೆ ಬರೋದು ಕೊರ್ತೀಲೆ ದೆಲ್ಲಾ ಪಿನ್ಯಾ, ಸುಮಾರು ನಾಲ್ಕು ಮೀಟರ್ ಎತ್ತರದ ಕಂಚಿನ ಪೈನ್ ಕಾಯಿ ಇರೋ ಅಂಗಳ. ಇಲ್ಲೇ ಸಿಸ್ಟೀನ್ ಚಿತ್ರಗಳ ಬೋರ್ಡ್‌ಗಳನ್ನ ನಿಲ್ಲಿಸಿರ್ತಾರೆ, ಗೈಡ್ ಅದರ ಮುಂದೆ ನಿಂತು ಚಾಪೆಲ್ ಪೂರ್ತಿ ವಿವರಿಸ್ತಾರೆ. ಇಡೀ ಟೂರ್‌ನಲ್ಲಿ ನೀವು ದುಡ್ಡು ಕೊಟ್ಟಿರೋದು ಈ ಇಪ್ಪತ್ತು ನಿಮಿಷಕ್ಕೆ. ಬೋರ್ಡ್ ಹತ್ರ ಮುಂದೆ ಹೋಗಿ ನಿಲ್ಲಿ. ಒಳಗೆ ಏನು ಹುಡುಕ್ಬೇಕು ಅಂತ ನಾಲ್ಕೈದು ವಿಷಯ ಮನಸ್ಸಲ್ಲಿ ಗುರುತು ಹಾಕ್ಕೊಳ್ಳಿ, ಪ್ರಶ್ನೆ ಇದ್ರೆ ಇಲ್ಲೇ ಕೇಳಿ.

ಅಂಗಳ ಬಿಡೋಕೆ ಮುಂಚೆ ಟಾಯ್ಲೆಟ್‌ಗೆ ಹೋಗಿ ಬನ್ನಿ, ನೀರು ಕುಡಿದುಬಿಡಿ. ಮುಂದೆ ಉದ್ದುದ್ದ ಕಾರಿಡಾರ್, ಜನರ ಪ್ರವಾಹ ಒಂದೇ ದಿಕ್ಕಿಗೆ, ಹಿಂದೆ ಬರೋದು ಕಷ್ಟ.

ಹಂತ 8: ಕಾರಿಡಾರ್‌ಗಳಲ್ಲಿ ಶಕ್ತಿ ಉಳಿಸೋದು

ಇಲ್ಲಿ ಎಲ್ಲಾನೂ ನೋಡೋಕೆ ಹೋದ್ರೆ ಸೋತ್ರಿ. ಒಂದೊಂದು ಜಾಗದಲ್ಲಿ ಒಂದೇ ವಸ್ತು ಆರಿಸ್ಕೊಳ್ಳಿ. ಎಂಟು ಮೂಲೆ ಅಂಗಳದಲ್ಲಿ ಲಾವೊಕೊನ್ ಶಿಲ್ಪ, ತಂದೆ ಇಬ್ಬರು ಮಕ್ಕಳನ್ನ ಹಾವು ಸುತ್ತಿಕೊಂಡಿರೋದು, 1506ರಲ್ಲಿ ರೋಮ್‌ನ ಒಂದು ದ್ರಾಕ್ಷಿ ತೋಟದ ನೆಲದಲ್ಲಿ ಸಿಕ್ಕಿದ್ದು. ತಂದೆಯ ಹೊಟ್ಟೆಯ ಸ್ನಾಯು ಉಸಿರು ಎಳ್ಕೊಂಡು ನಿಂತಿರೋದನ್ನ ನೋಡಿ, ಆಮೇಲೆ ಚಾಪೆಲ್ ಛಾವಣಿಯಲ್ಲಿ ಅದೇ ಥರದ ಮೈ ತಿರುವು ಕಾಣುತ್ತೆ.

ಮ್ಯಾಪ್ ಗ್ಯಾಲರಿ 120 ಮೀಟರ್ ಉದ್ದ, ಎಲ್ಲರೂ ಚಿನ್ನದ ಬಣ್ಣದ ಛಾವಣಿ ನೋಡ್ಕೊಂಡು ಕತ್ತು ಬಳಲಿಸ್ಕೊಳ್ಳೋದು ಇಲ್ಲೇ. ಬೇಡ, ಕತ್ತನ್ನ ಇನ್ನೂ ಖರ್ಚು ಮಾಡ್ಬೇಡಿ. ಇಲ್ಲಿ ಗೋಡೆ ನೋಡಿ: ಒಂದು ಕಡೆ ಇಟಲಿಯ ಪಶ್ಚಿಮ ಸಮುದ್ರದ ಪ್ರದೇಶಗಳು, ಇನ್ನೊಂದು ಕಡೆ ಆಡ್ರಿಯಾಟಿಕ್ ಕಡೆಯವು, ಮಧ್ಯೆ ನೀವು ನಡೀತಿರೋದು ಇಟಲಿಯ ಬೆಟ್ಟದ ಸಾಲಿನ ಮೇಲೆ ನಡೆದ ಹಾಗೆ. 1580ರ ದಶಕದ ಶುರುವಿನಲ್ಲಿ ಇಗ್ನಾಜಿಯೊ ದಾಂತಿ ಮಾಡಿದ ಯೋಜನೆ ಇದು. ಬೇಸಿಗೆಯಲ್ಲಿ ಇಲ್ಲಿ ಸೆಖೆ ವಿಪರೀತ, ಉಸಿರು ಕಟ್ಟಿದ ಹಾಗಾದ್ರೆ ಕಿಟಕಿ ಪಕ್ಕ ಸರೀರಿ, ತಲೆ ಸುತ್ತಿದ್ರೆ ತಡ ಮಾಡ್ದೇ ಗೈಡ್‌ಗೆ ಹೇಳಿ.

ಇದಾದ್ಮೇಲೆ ದಾರಿ ಒಡೆಯುತ್ತೆ, ಒಂದು ನೇರ ಚಾಪೆಲ್‌ಗೆ, ಇನ್ನೊಂದು ಚಿತ್ರಕಾರ ರಫೇಲ್‌ನ ಗೋಡೆಚಿತ್ರಗಳಿರೋ ಕೋಣೆಗಳ ಮೂಲಕ. ಜನ ಜಾಸ್ತಿ ಇದ್ರೆ ಕೆಲವು ಗೈಡ್‌ಗಳು ರಫೇಲ್ ಬಿಟ್ಟುಬಿಡ್ತಾರೆ, ಅದಕ್ಕೇ ಟೂರ್ ಶುರುವಲ್ಲೇ ಕೇಳಿಟ್ಕೊಳ್ಳಿ. ಅಲ್ಲಿನ "ಸ್ಕೂಲ್ ಆಫ್ ಅಥೆನ್ಸ್" ಬಿಡೋ ಚಿತ್ರ ಅಲ್ಲ. ಮಧ್ಯೆ ಪ್ಲೇಟೋ ಬೆರಳು ಆಕಾಶಕ್ಕೆ, ಅರಿಸ್ಟಾಟಲ್ ಅಂಗೈ ಭೂಮಿ ಕಡೆಗೆ, ಕೆಳಗೆ ಮೆಟ್ಟಿಲ ಮೇಲೆ ಕೆನ್ನೆಗೆ ಕೈ ಕೊಟ್ಟು ಒಬ್ಬನೇ ಕೂತಿರೋನ ಮುಖ ಮೈಕೆಲ್ಯಾಂಜೆಲೊದು ಅಂತಾರೆ. ಆ ಒಂಟಿ ಮನುಷ್ಯನ್ನ ನೋಡ್ಕೊಂಡು ಚಾಪೆಲ್‌ಗೆ ಇಳಿದ್ರೆ ಮನಸ್ಸು ಬೇರೆ ಥರ ಇರುತ್ತೆ.

ಚಿತ್ರಶಾಲೆ, ಅಂದ್ರೆ ಪಿನಾಕೊತೇಕಾ, ಸಾಮಾನ್ಯ ಟೂರ್‌ನಲ್ಲಿ ಇರಲ್ಲ. ರಫೇಲ್‌ನ "ರೂಪಾಂತರ", ಕಾರವಾಜೊ ಬಿಡಿಸಿದ ಯೇಸುವಿನ ಸಮಾಧಿ, ಲಿಯೊನಾರ್ಡೊನ ಪೂರ್ತಿಯಾಗದ ಸಂತ ಜೆರೋಮ್ ಎಲ್ಲ ಅಲ್ಲಿದೆ, ಅದು ಎಂಟ್ರಿ ಹತ್ರಾನೇ ಇದೆ. ಬೇಕಾದವರು ಟೂರ್‌ಗೆ ಮುಂಚೆ ನೋಡ್ಕೊಳ್ಳೋ ಹಾಗೆ ಟೈಮ್ ಇಟ್ಕೊಳ್ಳಿ, ಚಾಪೆಲ್ ಆದ್ಮೇಲೆ ಕಾಲು ಬರಲ್ಲ.

ಹಂತ 9: ಚಾಪೆಲ್ ಒಳಗೆ, ಮತ್ತೆ ಯಾವ ಬಾಗಿಲಿಂದ ಆಚೆ

ಬಾಗಿಲಿಗೆ ಮುಂಚೆ ಗೈಡ್‌ನ ಎರಡೇ ಪ್ರಶ್ನೆ ಕೇಳಿ: ಎಷ್ಟು ನಿಮಿಷ, ಎಲ್ಲಿ ಸೇರೋದು. ಹದಿನೈದು ನಿಮಿಷಕ್ಕಿಂತ ಕಮ್ಮಿ ಅಂದ್ರೆ ಇನ್ನೈದು ಕೊಡಿ ಅಂತ ಕೇಳಿ. ಒಳಗೆ ಫೋಟೋ ವಿಡಿಯೋ ಎರಡೂ ಇಲ್ಲ, ಟೋಪಿ ತೆಗೀಬೇಕು, ಮಾತಾಡೋ ಹಾಗಿಲ್ಲ. ಗಾರ್ಡ್‌ಗಳು "ಸಿಲೆನ್ಸಿಯೊ" ಅಂತ ಕೂಗ್ತಾನೇ ಇರ್ತಾರೆ. ಇದು ಇವತ್ತಿಗೂ ಪೂಜೆ ನಡೆಯೋ ಜಾಗ, ಗರ್ಭಗುಡಿ ಮುಂದೆ ಹೇಗಿರ್ತೀವೋ ಹಾಗೇ ಇರಿ.

ನೀವು ಒಳಗೆ ಬರೋದು ಬಲಿಪೀಠದ ಗೋಡೆಯ ಬಾಗಿಲಿಂದ. ಅಂದ್ರೆ ಮೈಕೆಲ್ಯಾಂಜೆಲೊ ಆಮೇಲೆ ಆ ಗೋಡೆ ಮೇಲೆ ಬಿಡಿಸಿದ ಅತಿ ದೊಡ್ಡ ಚಿತ್ರ "ಕೊನೆಯ ತೀರ್ಪು" ನಿಮ್ಮ ಬೆನ್ನ ಹಿಂದೆ ಇರುತ್ತೆ, ಎಷ್ಟೋ ಜನ ತಿರುಗದೇ ಛಾವಣಿ ನೋಡ್ಕೊಂಡು ಹೋಗ್ಬಿಡ್ತಾರೆ. ಹಾಲ್‌ನ ಮಧ್ಯದ ತನಕ ನಡೀರಿ, ಪಕ್ಕದ ಗೋಡೆಗೆ ಅಂಟಿರೋ ಬೆಂಚ್‌ನಲ್ಲಿ ಜಾಗ ಸಿಕ್ಕಿದ್ರೆ ಕೂತ್ಕೊಳ್ಳಿ, ಸಿಗೋ ತನಕ ಐದು ನಿಮಿಷ ಕಾದ್ರೂ ಪರವಾಗಿಲ್ಲ. ಕೂತು ತಲೆ ಗೋಡೆಗೆ ಒರಗಿಸಿದ್ರೆ ಕತ್ತು ನೋಯಲ್ಲ.

ಮೊದಲ ಐದು ನಿಮಿಷ ಛಾವಣಿ, ಕಲಿತ ಒಂಬತ್ತನ್ನ ಕ್ರಮವಾಗಿ. ಆಮೇಲೆ ಕಣ್ಣು ಕೆಳಗಿಳಿಸಿ ಒಂದು ನಿಮಿಷ ಪಕ್ಕದ ಗೋಡೆ ನೋಡಿ, ಬೊಟ್ಟಿಚೆಲ್ಲಿ, ಪೆರುಜಿನೊ ಮುಂತಾದ ಚಿತ್ರಕಾರರು ಮೈಕೆಲ್ಯಾಂಜೆಲೊಗಿಂತ ಮುಂಚೆ, 1481–82ರಲ್ಲಿ ಬಿಡಿಸಿದ್ದು, ಕತ್ತಿಗೂ ವಿಶ್ರಾಂತಿ ಸಿಗುತ್ತೆ. ಉಳಿದ ಟೈಮ್ ಪೂರ್ತಿ "ಕೊನೆಯ ತೀರ್ಪು"ಗೆ. ಮಧ್ಯದಲ್ಲಿ ಯೇಸು, ಅವರ ಪಾದದ ಹತ್ರ ಬಲಗಡೆ ಸಂತ ಬಾರ್ತಲೋಮಿಯೊ ಕೈಯಲ್ಲಿ ತಮ್ಮದೇ ಸುಲಿದ ಚರ್ಮ ಹಿಡಿದಿದ್ದಾರೆ, ಅದರಲ್ಲಿ ಜೋತುಬಿದ್ದ ಮುಖ ಮೈಕೆಲ್ಯಾಂಜೆಲೊ ತನ್ನದೇ ಬಿಡಿಸಿದ್ದು ಅಂತ ಹೇಳ್ತಾರೆ. ಬೈನಾಕ್ಯುಲರ್ ಇಲ್ಲಿ ತೆಗೀರಿ. ಆ ಮುಖದಲ್ಲಿ ಕಣ್ಣಿನ ಜಾಗ ಖಾಲಿ, ಬಾಯಿ ಸೊಟ್ಟ, ಒದ್ದೆ ಬಟ್ಟೆ ಹಿಂಡಿ ನೇತಾಕಿದ ಹಾಗಿದೆ. ಅರವತ್ತು ದಾಟಿದ ಮನುಷ್ಯ ಅಷ್ಟು ದೊಡ್ಡ ಗೋಡೆಯಲ್ಲಿ ತನಗೆ ಅಂತ ಇಟ್ಕೊಂಡ ಜಾಗ ಅಷ್ಟು. ನಮ್ಮಮ್ಮ ಅದನ್ನ ನೋಡಿ ತುಂಬಾ ಹೊತ್ತು ಬೈನಾಕ್ಯುಲರ್ ಇಳಿಸಲೇ ಇಲ್ಲ.

ಈಗ ಬಾಗಿಲು. "ಕೊನೆಯ ತೀರ್ಪು"ಗೆ ಬೆನ್ನು ಮಾಡಿ ನಿಂತ್ರೆ ಎದುರಿನ ಬಲ ಮೂಲೆಯ ಬಾಗಿಲು ಮೆಟ್ಟಿಲಿಳಿದು ಸೀದಾ ಸೇಂಟ್ ಪೀಟರ್ಸ್ ಕಡೆಗೆ ಹೋಗುತ್ತೆ, ಗೈಡ್ ಜೊತೆಗಿನ ಗ್ರೂಪ್‌ಗಳಿಗೆ ಇದು ಸಿಗೋ ಅನುಕೂಲ, ಹೊರಗಿನ ಸೆಕ್ಯುರಿಟಿ ಕ್ಯೂ ಉಳಿಯುತ್ತೆ. ಎಡಗಡೆ ಬಾಗಿಲು ಮತ್ತೆ ಮ್ಯೂಸಿಯಂ ಒಳಗೆ ಕರ್ಕೊಂಡು ಹೋಗಿ ಎಂಟ್ರಿ ಕಡೆ ಬಿಡುತ್ತೆ. ಮ್ಯೂಸಿಯಂನಲ್ಲಿ ಬಾಡಿಗೆಗೆ ತಗೊಂಡ ಆಡಿಯೋ ಗೈಡ್ ವಾಪಸ್ ಕೊಡೋದಿದ್ರೆ, ಕ್ಲೋಕ್‌ರೂಮ್‌ನಲ್ಲಿ ಬ್ಯಾಗ್ ಇದ್ರೆ, ವೀಲ್‌ಚೇರ್ ಇದ್ರೆ ಎಡಗಡೇನೇ ಗತಿ. ಜನರ ಹಿಂದೆ ಸುಮ್ನೆ ನಡೆದ್ರೆ ತಪ್ಪು ಬಾಗಿಲಲ್ಲಿ ಇರ್ತೀರಿ, ಒಂದ್ಸಲ ದಾಟಿದ್ಮೇಲೆ ವಾಪಸ್ ಬಿಡಲ್ಲ.

ಬಲಗಡೆ ಬಾಗಿಲು ಹೇಳ್ದೇ ಕೇಳ್ದೇ ಮುಚ್ಚಿರೋ ದಿನಗಳೂ ಇವೆ, ಅದು ಗೈಡ್ ಕೈಯಲ್ಲಿಲ್ಲ. ಹಾಗಾದ್ರೆ ಎಡಗಡೆಯಿಂದ ಬಂದು, ಜುಸೆಪ್ಪೆ ಮೋಮೊ 1932ರಲ್ಲಿ ಮಾಡಿದ ಸುರುಳಿ ಮೆಟ್ಟಿಲು ಇಳಿದು ಆಚೆ ಬನ್ನಿ, ಅಲ್ಲೇ ಎಲ್ಲಾದ್ರೂ ಕೂತು ಊಟ ಮಾಡಿ, ಕಾಲು ಚಾಚಿ ಒಂದು ಗಂಟೆ ಸುಧಾರಿಸ್ಕೊಳ್ಳಿ. ಆಮೇಲೆ ಗೋಡೆ ಸುತ್ತಿ ಚೌಕಕ್ಕೆ ನಡೀರಿ. ಬಸಿಲಿಕಾ ಒಳಗೆ ಹೋದ ತಕ್ಷಣ ಬಲಗಡೆ ಮೊದಲ ಚಾಪೆಲ್‌ನಲ್ಲಿ ಗಾಜಿನ ಹಿಂದೆ ಪಿಯೆತಾ ಇದೆ, ಸತ್ತ ಮಗನ್ನ ಮಡಿಲಲ್ಲಿ ಇಟ್ಕೊಂಡ ತಾಯಿ, ಅದನ್ನ ಕೆತ್ತಿದಾಗ ಮೈಕೆಲ್ಯಾಂಜೆಲೊಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಜನ ಮುಂದೆ ಫೋನ್ ಎತ್ತಿ ನಿಂತಿರ್ತಾರೆ, ಎಡಕ್ಕೆ ಸರಿದು ಕಾಯ್ತಾ ನಿಲ್ಲಿ, ಗುಂಪು ಬಂದು ಹೋಗ್ತಾ ಇರುತ್ತೆ, ನಡುವೆ ಒಂದರ್ಧ ನಿಮಿಷ ಜಾಗ ಖಾಲಿ ಆಗುತ್ತೆ, ಆಗ ಮುಂದೆ ಹೋಗಿ.